ಕಟ್ಟಿಗೆ ಸೀಳುವ ಮಷೀನು ಮತ್ತು ಅಕ್ಬರಬಿಯ ಹ್ಞೂಂ

ನಬೀಸಾಬ ಕೊಡಲಿ ಎತ್ತಿದರೆ ಒಂದು ಗಳಿಗೆ ಹಾಗೇ ನಿಲ್ಲುತ್ತಾನೆ. ಸಯನ್ ಸ್ಟೇಷನ್ ಹತ್ತಿರದ ಪ್ರೀತಮ್ ಸೇಠನ ಕಟ್ಟಿಗೆ ವಖಾರಿಗೆ ಹೊಸದಾಗಿ ಬಂದವರು ಇದನ್ನು ನೋಡಿ, ಪಾಪ, ಮುದುಕನ ಭುಜ ಹಿಡಿದುಕೊಂಡಿತು ಎಂದುಕೊಳ್ಳುತ್ತಾರೆ. ಭುಜ ಹಿಡಿಯುವುದೂ ಸುಳ್ಳಲ್ಲ ಬಿಡಿ. ಆದರೆ ಅವನು ನಿಲ್ಲುವುದು ನೋವಿಗಲ್ಲ, ಹೆಂಡತಿಯ ‘ಹ್ಞೂಂ’ಗೆ.

ಮದುವೆಯಾದ ಹೊಸದರಲ್ಲೇ ಇಬ್ಬರೂ ಇಂಡಿ ತಾಲೂಕಿನಿಂದ ಈ ವಖಾರಿಗೆ ಬಂದವರು. ಅವನದು ಕೊಡಲಿ, ಅಕ್ಬರಬಿಯದು ಕೊರಡು. ಅವಳು ಕೊರಡನ್ನು ನಿಲ್ಲಿಸಿ, ಗಂಟು ಯಾವ ಕಡೆಗಿದೆ ನೋಡಿ ತಿರುಗಿಸಿ, ಕೈ ಹಿಂದಕ್ಕೆಳೆದುಕೊಂಡು ‘ಹ್ಞೂಂ’ ಅನ್ನಬೇಕು. ಆಮೇಲೇ ಏಟು. ಜಗಳವಾಡಿ ಮಾತು ಬಿಟ್ಟ ದಿನವೂ ಅವಳು ಹ್ಞೂಂ ಬಿಡುತ್ತಿರಲಿಲ್ಲ. ಆ ಒಂದು ಹ್ಞೂಂನಲ್ಲೇ ಸಿಟ್ಟು ಇನ್ನೂ ಎಷ್ಟು ಉಳಿದಿದೆ ಎಂದು ಅವನಿಗೆ ತಿಳಿದುಹೋಗುತ್ತಿತ್ತು. ಒಮ್ಮೆ ಮಾತ್ರ ಹ್ಞೂಂ ಅಂದಮೇಲೆ ಕೊರಡಿನ ಮೇಲಿನ ಇರುವೆ ಕೊಡವಲು ಮತ್ತೆ ಕೈ ಹಾಕಿದಳು ಪುಣ್ಯಾತ್ಗಿತ್ತಿ. ಅವನು ಗಾಳಿಯಲ್ಲೇ ಕೊಡಲಿ ಹೊರಳಿಸಿ ತನ್ನ ಮೊಳಕಾಲ ಕೆಳಗೆ ಹೊಡೆದುಕೊಂಡ. ಆ ಕಲೆ ಇನ್ನೂ ಇದೆ.

ಲಾಕ್‌ಡೌನಿನಲ್ಲಿ ವಖಾರಿ ಮುಚ್ಚಿತು, ಗಂಡಹೆಂಡಿರು ಊರಿಗೆ ಹೋದರು. ಮತ್ತೆ ತೆರೆದಾಗ ಸೇಠ ಕರೆದದ್ದು ಒಬ್ಬನನ್ನೇ. ಕಟ್ಟಿಗೆ ಕೊಳ್ಳುತ್ತಿದ್ದ ಬೇಕರಿಗಳು ಗ್ಯಾಸಿನ ಕಡೆ ಹೊರಳುತ್ತಿದ್ದವು, ಇಬ್ಬರಿಗೆ ಕೆಲಸವಿರಲಿಲ್ಲ. ವಖಾರಿಯ ಮೇಲೆ ಅವರಿದ್ದ ಖೋಲಿಯಲ್ಲಿ ಹಳೇ ಸಾಮಾನು ತುಂಬಿತು. ಅಕ್ಬರಬಿ ತಮ್ಮನ ಮನೆಯಲ್ಲಿ ಉಳಿದಳು. ನಬೀಸಾಬ ಹಬ್ಬಕ್ಕೊಮ್ಮೆ ಹೋಗಿ ಬರುತ್ತಾನೆ. ಹೋದರೆ ಬರಲು ಮನಸ್ಸಿಲ್ಲ, ಬಂದರೆ ಉಣ್ಣಲು ಮನಸ್ಸಿಲ್ಲ. ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡೇ ಕೂತುಬಿಡುತ್ತಾನೆ.

ಈ ಮಳೆಗಾಲ ಬಿದ್ದ ಮರಗಳೋ ಮರಗಳು. ವಖಾರಿಯ ಗೇಟಿನವರೆಗೂ ದಿಮ್ಮಿ ಬಂದು ಬಿದ್ದವು. ಸ್ಮಶಾನಗಳ ಆರ್ಡರ್ ಬೇರೆ ಇತ್ತು. ಸೇಠ ಕಟ್ಟಿಗೆ ಸೀಳುವ ಹೈಡ್ರಾಲಿಕ್ ಮಷೀನು ತರುವುದೆಂದು ನಿಶ್ಚಯಿಸಿದ.

“ದೇಖ್ ನಬೀ, ನಡೆಸೋನು ನೀನು, ಆರಿಸೋನೂ ನೀನೇ” ಎಂದ ಸೇಠ ಹಿಂದಿಯಲ್ಲಿ. “ಇಬ್ಬರು ಬೇಕಾಗೋ ಮಷೀನಾದ್ರೆ ಭಾಭಿಯನ್ನ ಕರೆಸು, ಮೇಲಿನ ಖೋಲಿ ಕೊಡ್ತೀನಿ. ಒಬ್ಬನ ಮಷೀನಾದ್ರೆ ನೀನೊಬ್ಬನೇ, ಈಗಿದ್ದ ಹಾಗೆ.”

ಇನ್ನೇನು ಬೇಕು? ಅಂದೇ ಸಂಜೆ ಖೋಲಿ ಗುಡಿಸಿದ. ಅವಳ ಎತ್ತರಕ್ಕೆ ಮೊಳೆ ಹೊಡೆದು ಕನ್ನಡಿ ತೂಗುಹಾಕಿದ. ಫೋನಿನಲ್ಲಿ ಹೇಳಿದರೆ ಅವಳು ನಕ್ಕೇ ನಕ್ಕಳು.

“ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಸಾಕ ಹತ್ತೀಯಲ್ಲೋ! ಮೊದಲ ಮಷೀನರ ತಗೋ.”

ನಗುವ ಹಿಂದೆ ಅವಳ ದನಿ ಒದ್ದೆಯಾದದ್ದು ಅವನಿಗೆ ಕೇಳಿಸಿತು.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಮಳಿಗೆಯೊಂದರಲ್ಲಿ ಮಷೀನು ಮಾರುವ ಅಮೋಲ್ ಎರಡನ್ನು ತೋರಿಸಿದ. ಮೊದಲನೆಯದಕ್ಕೆ ಒಂದೇ ಲಿವರ್. ಒಬ್ಬರು ಕೊರಡು ಹಿಡಿಯಬೇಕು, ಇನ್ನೊಬ್ಬರು ಲಿವರ್ ಎಳೆಯಬೇಕು; ಕಬ್ಬಿಣದ ಬೆಣೆ ಬಂದು ಕೊರಡನ್ನು ಸೀಳಿಯೇ ನಿಲ್ಲುತ್ತದೆ. ಎರಡನೆಯದಕ್ಕೆ ಎರಡು ಹಿಡಿಕೆ. ನಡೆಸುವವನ ಎರಡೂ ಕೈ ಅವುಗಳ ಮೇಲಿದ್ದರೆ ಮಾತ್ರ ಬೆಣೆ ಚಲಿಸುತ್ತದೆ, ಒಂದು ಬಿಟ್ಟರೂ ನಿಂತುಬಿಡುತ್ತದೆ. ಇನ್ನೊಬ್ಬರು ಹತ್ತಿರ ಬರುವಂತೆಯೇ ಇಲ್ಲ.

“ಇದು, ಇದು” ಎಂದು ನಬೀಸಾಬ ಎರಡನೆಯದರ ಕಡೆ ತಿರುಗಿಯೂ ನೋಡದೆ ಮೊದಲನೆಯದರ ಲಿವರಿಗೆ ಕೈ ಹಾಕಿದ. ಸೇಠನಿಗೂ ನಗು ಬಂತು. “ಟ್ರಯಲ್ ಆದ್ರೂ ನೋಡೋ ಮಾರಾಯಾ!”

ಅಮೋಲ್ ಕೈಗವಸು ಹಾಕಿಕೊಂಡು ಗಂಟುಗಂಟಾದ ಕೊರಡೊಂದನ್ನು ಇಟ್ಟು ಹಿಡಿದ. ನಬೀಸಾಬ ಲಿವರ್ ಹಿಡಿದು ನಿಂತ. ನಿಂತೇ ನಿಂತ. ಅಭ್ಯಾಸಬಲ, ಕಿವಿ ಹ್ಞೂಂಗೆ ಕಾಯುತ್ತಿತ್ತು. ಅಮೋಲನಿಗೇನು ಗೊತ್ತು? ಮುದುಕ ಹೆದರಿದ್ದಾನೆ ಅಂದುಕೊಂಡು ಹಿಡಿದ ಕೈ ಬಿಟ್ಟ, ಆಮೇಲೆ ವಾಲಿದ ಕೊರಡನ್ನು ಸರಿಮಾಡಲು ಮತ್ತೆ ಚಾಚಿದ. ಅದೇ ಹೊತ್ತಿಗೆ ನಬೀಸಾಬ, ಇಲ್ಲಿ ಹ್ಞೂಂ ಅನ್ನುವವರು ಯಾರಿದ್ದಾರೆ ಎಂದು ತನ್ನನ್ನೇ ಬೈದುಕೊಂಡು ಲಿವರ್ ಎಳೆದ.

“ಆಯಿಗಾ!” ಎಂದು ಅಮೋಲ್ ಕೈ ಕಿತ್ತುಕೊಂಡ. ಬೆರಳು ಉಳಿದವು, ಗವಸು ಒಳಗೆ ಸಿಕ್ಕಿತು. ನಬೀಸಾಬ ಹೌಹಾರಿ, ಕೊಡಲಿ ಹೊರಳಿಸುವವನಂತೆ ತನ್ನ ಎರಡೂ ತೋಳು ಪಕ್ಕಕ್ಕೆಳೆದ. ಬೆಣೆ ಹೊರಳಲಿಲ್ಲ. ಗವಸನ್ನು ಅರೆದುಕೊಂಡೇ ಮುಂದೆ ಹೋಯಿತು.

“ಕಾಹೀ ನಾಹೀ ಝಾಲಂ, ಕಾಕಾ, ಏನೂ ಆಗಲಿಲ್ಲ” ಎಂದು ಅಮೋಲ್ ನಗುತ್ತಿದ್ದರೂ ನಬೀಸಾಬನ ಕಣ್ಣು ಗವಸಿನ ಮೇಲೇ ಇತ್ತು. ಆ ಗವಸಿನೊಳಗೆ ಅವನಿಗೆ ಕಂಡದ್ದು ಬೇರೆಯವರ ಬೆರಳು, ಮೆಹೆಂದಿ ಮಾಸಿದ, ಬೆಳ್ಳಿ ಉಂಗುರದ ಬೆರಳು. ಬಹಳ ಹೊತ್ತು ಕೂತ. ಮೇಲಿನ ಖೋಲಿ, ಗೋಡೆಯ ಕನ್ನಡಿ, ಬಿಸಿ ರೊಟ್ಟಿ ಎಲ್ಲ ನೆನಪಾದವು. ಹಾಳು ಮಷೀನು, ಇಷ್ಟು ಹತ್ತಿರ ತಂದು ಬಾಗಿಲು ಹಾಕಿತಲ್ಲ ಎಂದು ಅಳು ಬಂತು.

“ಎರಡು ಹಿಡಿಕೇದು ತಗೊಳ್ರಿ ಸೇಠ್” ಎಂದ. ಸೇಠ ಅವನ ಮುಖ ನೋಡಿ ಮುಂಗಡದ ಹಣ ಎಣಿಸಿದ.

ಅಕ್ಬರಬಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಅನ್ನುವಷ್ಟರಲ್ಲಿ ಮಷೀನು ಬಂದು ವಖಾರಿಯಲ್ಲಿ ಕೂತಿತು. ಆ ಬೆಳಿಗ್ಗೆ ಅವಳದೇ ಫೋನು.

“ಮಷೀನ ಬಂತೇನು? ನಾ ಗಂಟು ಕಟ್ಟಿ ಇಟ್ಟೀನಿ. ತಮ್ಮ ಸೊಲ್ಲಾಪುರತನಕ ಬಂದು ಗಾಡಿ ಹತ್ತಸ್ತಾನಂತ.”

“ಬರಬ್ಯಾಡ” ಎಂದ. “ಒಬ್ಬನ ಮಷೀನ ತಗೊಂಡೀವಿ. ನಾನ ಆರಿಸೀನಿ.”

ಆ ಕಡೆ ಎಲ್ಲೋ ಕೋಳಿ ಕೂಗಿದ್ದು ಕೇಳಿಸಿತು.

“ಯಾಕ?”

“ಕೊಡಲಿ ನನ್ನ ಮಾತು ಕೇಳತಿತ್ತು. ಇದು ಯಾರ ಮಾತೂ ಕೇಳಂಗಿಲ್ಲ. ನಿನ್ನ ಬೆರಳು ಹೋದ್ರ... ನೀ ಇಲ್ಲದ ಇಲ್ಲಿ ನನಗ ಏನೂ ಬ್ಯಾಡಾಗೇತಿ, ಅಕ್ಬರಬೀ. ಆದ್ರ ನೀ ಪೂರ್ತಿ ಇರಬೇಕು.”

ಅಳುತ್ತಿದ್ದಾಳೋ, ಫೋನು ಇಟ್ಟುಬಿಟ್ಟಳೋ ತಿಳಿಯಲಿಲ್ಲ. ಆಮೇಲೆ ಮೂಗೇರಿಸಿದ ಸದ್ದು.

“ಕೊರಡು ಇಟ್ಟೀಯೇನು?”

“ಇಟ್ಟೀನಿ.”

“ಗಂಟು ಯಾ ಕಡೆ ಐತಿ?”

“ನನ್ನ ಕಡೆ.”

“ತಿರುಗಿಸು.”

ಫೋನನ್ನು ಸ್ಪೀಕರಿಗೆ ಹಾಕಿ ಅಂಗಿಯ ಜೇಬಿಗಿಟ್ಟುಕೊಂಡ. ಕೊರಡು ತಿರುಗಿಸಿದ. ಎರಡೂ ಹಿಡಿಕೆಗಳ ಮೇಲೆ ಕೈಯಿಟ್ಟು ಕಾದ.

“ಹ್ಞೂಂ” ಎಂದಳು ಜೇಬಿನೊಳಗಿಂದ.

ಅದರಲ್ಲಿ ಸಿಟ್ಟು ಎಷ್ಟಿದೆ ಎಂದು ಹುಡುಕಿದ. ಒಂದಿಷ್ಟೂ ಇರಲಿಲ್ಲ. ಸಿಟ್ಟಾದರೂ ಇರಬಾರದಿತ್ತೇ ಅನ್ನಿಸಿತು ಅವನಿಗೆ. ಎರಡೂ ಹಿಡಿಕೆ ಒತ್ತಿದ.