ನಮ್ಮ ಮನೆಯ ಅಂಚು, ಅವಳ ಟಗರು

ಹೊಟ್ಟೆಕಿಚ್ಚಿನ ವಿಷಯ ಬರೆಯುವವರು ಸಾಮಾನ್ಯವಾಗಿ ಬೇರೆಯವರ ಹೊಟ್ಟೆಕಿಚ್ಚನ್ನೇ ಬರೆಯುತ್ತಾರೆ. ನಾನು ನನ್ನದನ್ನು ಬರೆಯುತ್ತೇನೆ, ಅದರಲ್ಲಿ ನನಗೆ ಅನುಭವ ಜಾಸ್ತಿ.

ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಯ ಪಕ್ಕದ ಮಹಡಿಯಲ್ಲಿ ನಮ್ಮ ಆಫೀಸು. ಇರುವವರು ಮೂವರು: ಯಜಮಾನರು, ನಾನು, ಹೋದ ವರ್ಷ ಬಂದು ಸೇರಿದ ಅವಳು. ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ಪೆಟ್ಟಿಗೆಗಳಿಗೆ ಸಾಫ್ಟ್‌ವೇರ್ ಬರೆಯುವುದು ನಮ್ಮ ಕೆಲಸ. ಹಿಂದೆ ರಟ್ಟಿಗೆ ತೂತು ಹೊಡೆದು ವಿನ್ಯಾಸ ಹೇಳುತ್ತಿದ್ದರು. ಈಗ ಫೈಲು ಕೊಟ್ಟರೆ ಸಾಕು, ಯಾವ ಎಳೆ ಎತ್ತಬೇಕು ಯಾವುದನ್ನು ಬಿಡಬೇಕು ಎಂದು ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ. ನಾನು ಮೊಳಕಾಲ್ಮೂರಿನ ನೇಕಾರರ ಮನೆಯವನು. ಮಗ್ಗದ ಮಾತು ಬಂದಾಗಲೆಲ್ಲ ಯಜಮಾನರು ನನ್ನ ಕಡೆ ತಿರುಗುತ್ತಿದ್ದರು, ನಾನು ಸ್ವಲ್ಪ ತಡೆದು, ಗಂಟಲು ಸರಿಮಾಡಿಕೊಂಡು ಉತ್ತರ ಕೊಡುತ್ತಿದ್ದೆ. ಆ ತಡೆಯುವಿಕೆಯ ಸುಖವೇ ಬೇರೆ.

ಅವಳು ದೊಡ್ಡಉಳ್ಳಾರ್ತಿಯವಳು, ಕುರಿ ಸಾಕುವ ಮನೆಯ ಮಗಳು. ಮಗ್ಗವನ್ನು ಕಣ್ಣಿಂದ ಕಂಡವಳಲ್ಲ. ಆದರೆ ಬಂದ ಮೂರನೇ ತಿಂಗಳಿಗೆ ಯಜಮಾನರ ಕುತ್ತಿಗೆ ಅವಳ ಕಡೆ ತಿರುಗಲು ಶುರುವಾಯಿತು. ಕಿಟಕಿ ಪಕ್ಕದ ಕುರ್ಚಿ ಅವಳದಾಯಿತು. "ಅಣ್ಣಾ, ಇದ್ಯಾಕೆ ಹಿಂಗೈತೆ?" ಎಂದು ಅವಳು ಕೇಳುವ ಪ್ರಶ್ನೆಗಳಿಗೆ ನಾನು ರಾತ್ರಿ ಮನೆಗೆ ಹೋಗಿ ಪುಸ್ತಕ ತಿರುವಬೇಕಾಗುತ್ತಿತ್ತು. ಕುರಿ ಕಾಯುವವರ ಮನೆಯವಳಿಗೆ ರೇಷ್ಮೆಯ ಗೊಡವೆ ಏಕೆ ಎಂದು ಎಷ್ಟೋ ಸಲ ಒಳಗೊಳಗೇ ಅಂದುಕೊಂಡಿದ್ದೇನೆ. ಅಂದುಕೊಂಡದ್ದಕ್ಕೆ ನಾಚಿಕೆ ಇದೆ, ಆದರೂ ಅಂದುಕೊಂಡದ್ದು ಹೌದು.

ಆಗ ಮೊಳಕಾಲ್ಮೂರಿನ ಕೆಲಸ ಬಂತು. ಅಲ್ಲಿನ ನೇಕಾರರ ಸಂಘದವರು ಎಲ್ಲಿಂದಲೋ ಹಳೆಯ ಜಕಾರ್ಡ್ ಪೆಟ್ಟಿಗೆಯೊಂದನ್ನು ತಂದು ನಮ್ಮ ಅಪ್ಪನ ಮಗ್ಗದ ಮೇಲೆಯೇ ಕೂರಿಸಿದ್ದರು. ಅದರ ಹಳೆಯ ಸಾಫ್ಟ್‌ವೇರ್ ಸತ್ತಿತ್ತು, ಹೊಸದನ್ನು ನಾವು ಬರೆಯಬೇಕಿತ್ತು. ನಾನೇ ಬರೆಯುತ್ತೇನೆ ಎಂದು ಹಟ ಹಿಡಿದು ತೆಗೆದುಕೊಂಡೆ. ನಾನು ಏನು ಕೆಲಸ ಮಾಡುತ್ತೇನೆ ಎಂಬುದು ಅಪ್ಪನಿಗೆ ಎಂದೂ ಅರ್ಥವಾಗಿರಲಿಲ್ಲ, "ಕೂತ್ಕೊಂಡು ಒತ್ತೋ ಕೆಲಸ" ಅನ್ನುತ್ತಿದ್ದ. "ನನ್ನ ಮಗನಿಗೂ ಮಗ್ಗ ಗೊತ್ತು" ಎಂದು ಅವನ ಬಾಯಿಂದ ಒಂದು ಸಲ ಬರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ಪೆಟ್ಟಿಗೆಯನ್ನು ಮಗ್ಗದಿಂದ ಇಳಿಸಿ ಚಳ್ಳಕೆರೆಗೆ ತರುವಂತಿರಲಿಲ್ಲ. ಹಾಗಾಗಿ ಅದರೊಳಗಿನ ಹಳೆಯ ಬೋರ್ಡಿನಂತೆಯೇ ನಡೆದುಕೊಳ್ಳುವ ಎಮ್ಯುಲೇಟರನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಪರೀಕ್ಷೆ ಮಾಡಬೇಕಿತ್ತು. ಅದರಲ್ಲಿ ಒಂದು ತೊಡಕು. ನಮ್ಮ ಮಂಡಿಯಲ್ಲಿ ಉರ್ದು ಆಡುವ ವ್ಯಾಪಾರಿ ಮೂವತ್ತೈದಕ್ಕೆ ಪೈಂತೀಸ್ ಅನ್ನುತ್ತಾನೆ, ಅದರಲ್ಲಿ ಐದು ಮೊದಲು ಬರುತ್ತದೆ, ಮೂವತ್ತು ಆಮೇಲೆ. ನಾವು ಮೂವತ್ತು ಮೊದಲು ಹೇಳಿ ಕೊನೆಗೆ ಐದು ಅನ್ನುತ್ತೇವೆ. ಕಂಪ್ಯೂಟರುಗಳಲ್ಲೂ ಹೀಗೆ ಎರಡು ಜಾತಿ. ಸಂಖ್ಯೆಯನ್ನು ಎರಡು ಬೈಟುಗಳಾಗಿ ಒಡೆದು ಇಡುವಾಗ ನಮ್ಮ ಲ್ಯಾಪ್‌ಟಾಪು ಸಣ್ಣ ಭಾಗವನ್ನು ಮೊದಲಿಡುತ್ತದೆ, ಆ ಹಳೆಯ ಬೋರ್ಡು ದೊಡ್ಡ ಭಾಗವನ್ನು. ಒಂದೊಂದು ಬೈಟಿನಲ್ಲಿ ಎಂಟು ಎಳೆಗಳ ಸುದ್ದಿ ಇರುತ್ತದೆ. ಕ್ರಮ ನೋಡಿಕೊಳ್ಳದೆ ಓದಿದರೆ ಎಡಗಡೆಯ ಎಂಟು ಎಳೆ ಬಲಕ್ಕೆ ಹೋಗಿ ಕೂರುತ್ತವೆ.

ನನಗೆ ಇದೆಲ್ಲ ಗೊತ್ತಿತ್ತು. ಬರೆದು ಮುಗಿಸಿ ಮೊದಲು ಹಾಕಿ ನೋಡಿದ್ದು ನಮ್ಮ ಮನೆಯ ರುದ್ರಾಕ್ಷಿ ಅಂಚು. ಹೊಸದಾಗಿ ಮಗ್ಗ ಹೂಡಿದರೆ ನಮ್ಮ ಮನೆಯಲ್ಲಿ ಆ ಅಂಚನ್ನು ಒಂದು ಗೇಣು ನೇಯದೆ ಬೇರೆ ಯಾವುದಕ್ಕೂ ಕೈ ಹಾಕುವುದಿಲ್ಲ. ಪರದೆಯ ಮೇಲಿನ ಮಗ್ಗವೂ ಮಗ್ಗವೇ ಅಲ್ಲವೇ? ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಬಂತು, ಎಮ್ಯುಲೇಟರಿನಲ್ಲೂ ಮಣಿ ಪೋಣಿಸಿದಂತೆ ಬಂತು. ಅಲ್ಲಿಗೇ ನಿಲ್ಲಿಸಿ ಚಹಾ ಕುಡಿಯಲು ಹೋದೆ.

ವಾಪಸು ಬರುವಷ್ಟರಲ್ಲಿ ಅವಳು ಅದೇ ಎಮ್ಯುಲೇಟರಿಗೆ ತಾನು ಬರೆದ ಟಗರಿನ ಚಿತ್ರ ಕೊಟ್ಟಿದ್ದಳು. ಹದಿನಾರು ಎಳೆ ಅಗಲದ್ದು, ಸುರುಳಿ ಕೊಂಬು, ಚೋಟು ಬಾಲ.

"ಅಣ್ಣಾ, ಟಗರಿನ ತಲೆ ಬಾಲದ ಹಿಂದಕ್ಕೆ ಹೋಗೈತೆ ನೋಡ್ರಿ."

ನೋಡಿದ ಕೂಡಲೇ ಗೊತ್ತಾಯಿತು, ಬೈಟುಗಳ ಕ್ರಮ ತಿರುಗಿಸುವುದನ್ನೇ ನಾನು ಮರೆತಿದ್ದೆ. ನಮ್ಮ ರುದ್ರಾಕ್ಷಿ ಎಂಟೆಂಟು ಎಳೆಗೆ ಒಂದರಂತೆ ಮರುಕಳಿಸುವ ಅಂಚು. ಎಡ ಬಲ ಅದಲು ಬದಲಾದರೂ ಒಂದು ಮಣಿಯ ಜಾಗಕ್ಕೆ ಇನ್ನೊಂದು ಮಣಿ, ಅಷ್ಟೇ. ತಪ್ಪು ಇದ್ದರೂ ಕಾಣುವಂತಿರಲಿಲ್ಲ. ಎರಡು ಸಾಲು ತಿದ್ದಿದರೆ ಮುಗಿಯುತ್ತಿತ್ತು. ಆದರೆ ತಿದ್ದಿದರೆ ಏನು ತಿದ್ದಿದೆ, ತಪ್ಪು ಕಂಡವರು ಯಾರು ಎಂದು ದಾಖಲೆಯಲ್ಲಿ ಬರೆಯಬೇಕು. ಯಜಮಾನರು ಅದನ್ನು ಓದಿ, ಹಾಗಾದರೆ ಮೊಳಕಾಲ್ಮೂರಿಗೆ ಅವಳೇ ಹೋಗಿ ಕೂರಿಸಲಿ ಅಂದುಬಿಟ್ಟರೆ? ನಮ್ಮ ಅಪ್ಪನ ಮಗ್ಗಕ್ಕೆ, ನಮ್ಮ ಬೀದಿಯಲ್ಲಿ, ಅವಳು!

"ಅದು ಎಮ್ಯುಲೇಟರಿನ ದೋಷ ಕಣಮ್ಮ," ಅಂದೆ. "ನಿಜವಾದ ಬೋರ್ಡಿನಾಗೆ ಹಂಗಾಗಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನ ಕಥೆಯೂ ಅದೇ. ಅವಳು ಪರದೆ ನೋಡಿದಳು, ನನ್ನ ಮುಖ ನೋಡಿದಳು.

"ನಾನು ಮಗ್ಗ ನೋಡಿಲ್ಲ ಬಿಡ್ರಿ ಅಣ್ಣ. ನಿಮಗೆ ಗೊತ್ತಿರ್ತೈತೆ."

"ಏನಲೇ ಅದು?" ಎಂದು ಒಳಗಿಂದ ಯಜಮಾನರು ಕೂಗಿದರು. ಏನಿಲ್ಲ ಸಾರ್ ಅಂದೆ. ಸಂಜೆಯ ಹೊತ್ತಿಗೆ ನನ್ನ ಸುಳ್ಳನ್ನು ನಾನೇ ಮುಕ್ಕಾಲು ಪಾಲು ನಂಬಿದ್ದೆ.

ಊರಿಗೆ ಹೊರಟ ದಿನ ಯಜಮಾನರು "ಅವಳೂ ಬರ್ಲಿ, ಒಂದ್ಸಲ ಮಗ್ಗ ನೋಡ್ಲಿ" ಅಂದರು. ಬಸ್ಸಿನಲ್ಲಿ ನಾನು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತೆ, ಅವಳನ್ನು ಹೆಂಗಸರ ಕಡೆ ಕಳಿಸಿದೆ.

ಮನೆಯಲ್ಲಿ ಅಪ್ಪ ಮಗ್ಗದ ಕುಣಿಯೊಳಗೆ ಕಾಲಿಳಿಸಿ ಕಾದಿದ್ದ. ಉದ್ದ ಎಳೆಗಳ ಹೊಸ ಹಾಸು ಹೂಡಿಯಾಗಿತ್ತು. ನಾನು ಸಾಫ್ಟ್‌ವೇರ್ ಹಾಕಿದೆ. ಸಂಪ್ರದಾಯದಂತೆ ಒಂದು ಗೇಣು ರುದ್ರಾಕ್ಷಿ ಅಂಚು, ಸೊಗಸಾಗಿ ಬಂತು. "ಬಾಗುಂದಿ," ಚೆನ್ನಾಗೈತೆ ಎಂದು ಅಪ್ಪ ನಮ್ಮ ಮನೆಮಾತಾದ ತೆಲುಗಿನಲ್ಲಿ ಅಂದ. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ನಾನು ತಿರುಗಿ ನೋಡಿದೆ.

ಆಮೇಲೆ ಸೀರೆಯ ಒಡಲಿನ ಚಿತ್ತಾರ, ಗಿಳಿ ಬುಟ್ಟಾ, ಶುರುವಾಯಿತು. ನಮ್ಮ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ಬುಟ್ಟಾ ಹೇಗೆ ಬಂದಿದೆ ಎಂದು ತಿಳಿಯಲು ಅಡಿಯಲ್ಲಿ ಕನ್ನಡಿ ಹಿಡಿಯಬೇಕು. ಅಂಗೈ ಅಗಲ ನೇಯ್ದ ಮೇಲೆ ಅಪ್ಪ ಕನ್ನಡಿ ಹಿಡಿದು ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಎದ್ದು ಕನ್ನಡಿಯನ್ನು ನನ್ನ ಕೈಗೆ ಕೊಟ್ಟ. ಎಲ್ಲ ಗಿಳಿಗಳ ಕೊಕ್ಕೂ ಬಾಲದ ಹಿಂದಿತ್ತು.

"ಇದನ್ನ ಮೊದ್ಲು ಹಾಕಿ ನೋಡಿದ್ದು ಯಾರು?" ಅಪ್ಪ ಕನ್ನಡದಲ್ಲಿಯೇ ಕೇಳಿದ, ಅವಳಿಗೂ ತಿಳಿಯಲಿ ಎಂದು.

ಅವಳು ಈಗ ಹೇಳುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ಬಸ್‌ಸ್ಟ್ಯಾಂಡಿನವರೆಗೂ ಕೇಳುವ ಹಾಗೆ ಹೇಳುತ್ತಿದ್ದೆ.

"ಇಬ್ರೂ ನೋಡಿದ್ವಿ ಕಣ್ರೀ," ಅಂದಳು. "ಇಬ್ರಿಗೂ ಕಾಣಲಿಲ್ಲ."

ಅವಳ ಬುದ್ಧಿಗಿಂತ ಆ ಮಾತಿಗೆ ನನಗೆ ಹೆಚ್ಚು ಹೊಟ್ಟೆಕಿಚ್ಚಾಯಿತು. ಬುದ್ಧಿಯಾದರೆ ನನಗೂ ಅಷ್ಟಿಷ್ಟು ಇದೆ, ಆ ದೊಡ್ಡತನ ನನ್ನ ಹತ್ತಿರ ಇರಲಿಲ್ಲ. ತಡೆಯಲಾಗದೆ ಅಪ್ಪನ ಕಡೆ ತಿರುಗಿ ಬಾಯಿ ಬಿಟ್ಟೆ.

"ಅವಳಿಗೆ ಕಂಡಿತ್ತು ನಾಯನಾ. ಹೇಳಿದ್ಲು. ನಾನೇ ಮುಚ್ಚಿಟ್ಟೆ."

ಅಪ್ಪ ನೇಯ್ದದ್ದನ್ನು ಒಂದೊಂದೇ ಅಡ್ಡ ಹೊಕ್ಕಾಗಿ ಬಿಚ್ಚಲು ಶುರುಮಾಡಿದ. ರೇಷ್ಮೆ ಬಿಚ್ಚುವುದು ನೇಯುವುದಕ್ಕಿಂತ ನಿಧಾನದ ಕೆಲಸ, ಎಳೆ ಹರಿಯದಂತೆ ಇನ್ನೊಂದು ಕೈ ಬೇಕು. ನಾನು ಮುಂದೆ ಸರಿದೆ. ಅಪ್ಪ ನನ್ನನ್ನು ದಾಟಿ ಅವಳನ್ನು ಕರೆದ.

"ಬಾ ತಾಯಿ, ಈ ತುದಿ ಹಿಡ್ಕೋ. ಎಳೀಬ್ಯಾಡ, ಸುಮ್ನೆ ಹಿಡ್ಕೋ."

ನಾನು ಹೊಸ್ತಿಲ ಹತ್ತಿರ ಲ್ಯಾಪ್‌ಟಾಪ್ ತೆರೆದು ಆ ಎರಡು ಸಾಲು ತಿದ್ದಿದೆ. ಈ ಸಲ ಎಮ್ಯುಲೇಟರಿಗೆ ಗಿಳಿಯನ್ನೇ ಕೊಟ್ಟು ನೋಡಿದೆ, ನೆಟ್ಟಗೆ ನಿಂತಿತು. ಪೆಟ್ಟಿಗೆಗೆ ಹಾಕಿ, ಆಯ್ತು ನಾಯನಾ, ಈಗ ಸರಿ ಐತೆ ಅಂದೆ. ಅಪ್ಪ ಒಂದು ಸಾಲು ಗಿಳಿ ತುಂಬುವಷ್ಟು ಹೊಕ್ಕು ಹಾಕಿ, ಲಾಳಿ ಕೆಳಗಿಟ್ಟು, ಕನ್ನಡಿಯನ್ನು ಅವಳ ಕಡೆ ಚಾಚಿದ.

"ನೀನು ನೋಡಿ ಹೇಳಮ್ಮ."

ಅವಳು ಬಗ್ಗಿ ನೋಡುತ್ತಲೇ ಇದ್ದಳು. ಅವಳು ಸರಿ ಐತೆ ಅನ್ನುವ ತನಕ ನಮ್ಮಪ್ಪ ಲಾಳಿ ಮುಟ್ಟಲಿಲ್ಲ.