ಗುಬ್ಬಿಯ ಮುಪ್ಪಿನ ಗಂಟು

ಬೆಳಗಿನ ಪಾಳಿಯಲ್ಲಿ ಬೇಕರಿಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದುದು ಇಬ್ಬರೇ: ಓವನ್ ನೋಡಿಕೊಳ್ಳುವ ವಯಸ್ಸಾದ ದೊಡ್ಡಕ್ಕ, ಮತ್ತು ಬ್ರೆಡ್ಡು ಕತ್ತರಿಸಿ ಪ್ಯಾಕ್ ಮಾಡುವ ಗುಬ್ಬಿ. ಗುಬ್ಬಿ ಎಂಬುದು ದೊಡ್ಡಕ್ಕನೇ ಇಟ್ಟ ಅಡ್ಡಹೆಸರು. ಹುಡುಗಿ ನೋಡಲು ಪುಟ್ಟದು, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು. ಪಾಳಿ ಮುಗಿದೊಡನೆ ಕೈಗಂಟಿದ ಹಿಟ್ಟು ತೊಳೆದುಕೊಂಡು ಸಸ್ಯಶಾಸ್ತ್ರದ ತರಗತಿಗೆ ಓಡುತ್ತಿದ್ದಳು. ಫೀಸು ಕಟ್ಟಿ ಮಿಕ್ಕ ಸಂಬಳ ಎಲ್ಲಿ ಹೋಗುತ್ತಿತ್ತೋ ಅವಳಿಗೇ ತಿಳಿಯುತ್ತಿರಲಿಲ್ಲ.

ಒಂದು ದಿನ ದೊಡ್ಡಕ್ಕ ಓವನ್ನಿನ ಬಾಗಿಲು ಮುಚ್ಚುತ್ತಾ, "ಮುಂದಿನ ವರ್ಷ ಕೆಲಸ ಬಿಡ್ತೀನಿ ಕಣೇ," ಎಂದಳು.

ಗುಬ್ಬಿ ಬ್ರೆಡ್ಡು ಕತ್ತರಿಸುವುದನ್ನು ನಿಲ್ಲಿಸಿದಳು. "ಯಾಕಕ್ಕ, ಹುಷಾರಿಲ್ವಾ?"

"ಗುಂಡುಕಲ್ಲಿನ ಹಾಗಿದ್ದೀನಿ. ಅದಕ್ಕೇ ಬಿಡ್ತಿರೋದು. ಕಾಲೇಜಿಗೆ ಸೇರ್ಬೇಕು."

ಗುಬ್ಬಿ ನಕ್ಕುಬಿಟ್ಟಳು. ದೊಡ್ಡಕ್ಕ ನಗಲಿಲ್ಲ. ತಮ್ಮಂದಿರು ಓದಲಿ ಎಂದು ಮನೆಯವರು ಅವಳ ಓದನ್ನು ಪಿಯುಸಿಗೇ ನಿಲ್ಲಿಸಿದ್ದರು. ಆ ಆಸೆ ಇನ್ನೂ ಆರಿರಲಿಲ್ಲ.

"ಮೊದಲ್ನೇ ಸಂಬಳ ಬಂದಾಗ ನಮ್ಮತ್ತೆ ಬ್ಯಾಂಕಿಗೆ ಎಳ್ಕೊಂಡು ಹೋಗಿ ಪಿಂಚಣಿ ಖಾತೆ ಮಾಡಿಸಿದ್ರು. ಈ ಮುದುಕಿ ನನ್ನ ದುಡ್ಡು ನುಂಗ್ತಾಳೆ ಅಂತ ಒಳಗೊಳಗೇ ಬೈಕೊಂಡಿದ್ದೆ. ಈಗ ಅದ್ರಿಂದಾನೇ ಯಾರ ಮುಂದೂ ಕೈ ಚಾಚದೆ ಓದ್ಬಹುದು. ನೀನೂ ಶುರು ಮಾಡು."

"ನಂಗಿನ್ನೂ ಬುದ್ಧಿಹಲ್ಲೇ ಬಂದಿಲ್ಲ, ಹಲ್ಲುದುರೋ ಕಾಲದ ಚಿಂತೆ ಈಗ್ಲೇ ಯಾಕಕ್ಕ?"

ಹಾಗೆಂದರೂ ಮಾತು ತಲೆಯಲ್ಲಿ ಕೊರೆಯಿತು. ಗುಬ್ಬಿ ಖಾಲಿ ಬಿಸ್ಕತ್ತಿನ ಡಬ್ಬದಲ್ಲಿ ಗುಟ್ಟಾಗಿ ಹಣ ಕೂಡಿಡತೊಡಗಿದಳು. ಆದರೆ ಟ್ರೇ ತೊಳೆಯುವಾಗ ಮೊಬೈಲು ಜಾರಿ ಸೋಪಿನ ನೀರಿಗೆ ಬಿತ್ತು. ರಿಪೇರಿ ಮುಗಿಯುವಷ್ಟರಲ್ಲಿ ಡಬ್ಬದ ತಳ ಕಂಡಿತು.

"ನನ್ನ ಕೈಲಾಗಲ್ಲ ಅಕ್ಕ," ಎಂದು ಮುಖ ಸಣ್ಣದು ಮಾಡಿಕೊಂಡಳು.

"ಕೈಗೆ ಸಿಗೋ ಕಡೆ ಇಟ್ರೆ ಯಾರೇ ಆದ್ರೂ ಕೈ ಹಾಕ್ತಾರೆ. ಎಟುಕದ ಕಡೆ ಇಡೋಣ, ನಡಿ."

ಬ್ಯಾಂಕಿನ ಗುಮಾಸ್ತ ದೊಡ್ಡಕ್ಕನ ನರೆಗೂದಲು ನೋಡಿ, "ಪಿಂಚಣಿ ಖಾತೆ ನಿಮಗೇನಮ್ಮ?" ಎಂದ.

"ನಂಗಲ್ಲಪ್ಪ, ಈ ಮುದುಕಿಗೆ!" ಎಂದು ದೊಡ್ಡಕ್ಕ ಗುಬ್ಬಿಯನ್ನು ಮುಂದಕ್ಕೆ ತಳ್ಳಿದಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಗುಬ್ಬಿಯ ಕಿವಿ ಕೆಂಪಾಯಿತು.

"ಪರೀಕ್ಷೆ ಫೀಸಿನ ತಿಂಗಳು ಇದನ್ನ ಕಟ್ಟೋಕೆ ಕಷ್ಟ ಆದ್ರೆ ಏನ್ ಮಾಡೋದು ಸರ್?"

"ಆ ತಿಂಗಳು ಕಮ್ಮಿ ಕಟ್ಟಿ, ಬೇಕಾದ್ರೆ ನಿಲ್ಲಿಸಿ. ಕಟ್ಟಿದ್ದನ್ನ ಮಾತ್ರ ವಯಸ್ಸಾಗೋವರೆಗೂ ತೆಗೆಯೋ ಹಾಗಿಲ್ಲ. ಚಿಕ್ಕ ವಯಸ್ಸಲ್ಲಿ ಹಾಕಿದ್ದಕ್ಕೆ ಬೆಳೆಯೋಕೆ ಜಾಸ್ತಿ ಕಾಲ ಸಿಗುತ್ತಲ್ಲ, ಅದೇ ಲಾಭ."

ತಿಂಗಳಿಗೆ ಎರಡು ಸಿನಿಮಾ ಟಿಕೆಟ್ಟಿನಷ್ಟು ಹಣ ಸಂಬಳದಿಂದ ತಾನಾಗಿಯೇ ಹೋಗಲಿ ಎಂದು ಗುಬ್ಬಿ ಸಹಿ ಹಾಕಿದಳು. ಹೊರಗೆ ಬಂದ ಮೇಲೆ ನೆಲ ನೋಡುತ್ತಾ ನಡೆದಳು.

"ಏನೇ, ನಾಲಿಗೆ ಬ್ಯಾಂಕಲ್ಲೇ ಇಟ್ಟು ಬಂದ್ಯಾ?"

"ಇಲ್ಲಕ್ಕ. ಮುದುಕಿ ಆದ್ಮೇಲೆ ಏನ್ ಮಾಡ್ಲಿ ಅಂತ ಯೋಚಿಸ್ತಿದ್ದೆ. ಒಂದು ಭೂತಗನ್ನಡಿ ಹಿಡ್ಕೊಂಡು ಬೆಟ್ಟ ಬೆಟ್ಟ ಸುತ್ತಿ ಪಾಚಿ ನೋಡ್ತೀನಿ."

"ಪಾಚಿನಾ! ಜಾರಿ ಬಿದ್ದೀಯ, ಹುಷಾರು."

ಮೊದಲ ತಿಂಗಳು ಆ ಹಣ ಹೋದದ್ದು ಚುರುಕ್ಕೆಂದಿತು. ಬರಬರುತ್ತಾ ಮರೆತೇ ಹೋಯಿತು. ಪರೀಕ್ಷೆ ಬಂದಾಗ ಅರ್ಧಕ್ಕಿಳಿಸಿದಳು, ಆಮೇಲೆ ಮತ್ತೆ ಏರಿಸಿದಳು.

ಮರುವರ್ಷ ದೊಡ್ಡಕ್ಕ ಹೇಳಿದಂತೆಯೇ ಕೆಲಸ ಬಿಟ್ಟು, ಗುಬ್ಬಿಯ ಕಾಲೇಜಿನಲ್ಲೇ ಇತಿಹಾಸದ ತರಗತಿಗೆ ಸೇರಿದಳು. ಓವನ್ನು ಗುಬ್ಬಿಯ ಪಾಲಿಗೆ ಬಂತು. ಜತೆಗೆ ಸಂಬಳವೂ ಸ್ವಲ್ಪ ಹೆಚ್ಚಿತು. ಬ್ಯಾಂಕಿಗೆ ಹೋಗಿ ಎರಡು ಟಿಕೆಟ್ಟಿನ ಕಂತನ್ನು ಮೂರು ಟಿಕೆಟ್ಟಿನಷ್ಟು ಮಾಡಿಸಿ ಬಂದಳು. ಈ ಸಲ ಯಾರೂ ಎಳೆದುಕೊಂಡು ಹೋಗಬೇಕಾಗಲಿಲ್ಲ.

ಒಂದು ದಿನ ಪಾಳಿ ಮುಗಿಯುವ ಹೊತ್ತಿಗೆ ಹೆಗಲಿಗೆ ಚೀಲ ಹಾಕಿಕೊಂಡು ದೊಡ್ಡಕ್ಕ ಬೇಕರಿಯ ಬಾಗಿಲಲ್ಲಿ ನಿಂತಿದ್ದಳು. "ಬೇಗ ಕೈ ತೊಳ್ಕೊಳ್ಳೇ. ನಿನ್ನೆ ಮೇಷ್ಟ್ರ ಜತೆ ಜಗಳ ಆಡಿದೀನಿ. ದಾರೀಲಿ ಹೇಳ್ತೀನಿ ಬಾ."

ಗುಬ್ಬಿ ಏಪ್ರನ್ ಬಿಚ್ಚುತ್ತಲೇ ಹೊರಗೆ ಓಡಿದಳು.