ಕೆಳಗೆ ಎಷ್ಟು ಜನ?

ನಂಬಿ ಎಂದು ಕೇಳುವುದಿಲ್ಲ. ದೆವ್ವವಿಲ್ಲವೆಂದು ವಾದಿಸಿ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಮೂರು ಸಲ ಕಪ್ ಗೆದ್ದವನು ನಾನು. ಇಂಥದ್ದು ಯಾರು ಹೇಳಿದರೂ ಮೊದಲು ಸಾಕ್ಷಿ ಕೇಳುತ್ತೇನೆ. ಈ ಸಲ ಸಾಕ್ಷಿ ನಾನೇ ಆಗಿಬಿಟ್ಟೆ.

ಸಂತೆಗುಳಿಯ ಆಚೆ, ಗುಡ್ಡದಲ್ಲಿ ನಿಂತುಹೋದ ಒಂದು ಗಣಿ. ಅದಿರು ತೊಳೆದು ಉಳಿದ ಕೆಸರನ್ನು ತಡೆದಿರುವುದು ಒಂದು ಮಣ್ಣಿನ ಕಟ್ಟೆ. ಅದರ ಅಪಾಯದ ದರ್ಜೆಗೆ ಫಾರಂ ತುಂಬುವುದು ನನ್ನ ಕೆಲಸ. ದರ್ಜೆ ಎಂದರೆ ಕಟ್ಟೆ ಎಷ್ಟು ಗಟ್ಟಿ ಎಂದಲ್ಲ. ಒಡೆದರೆ ಕೆಳಗೆ ಯಾರು ಸಿಕ್ಕಿಕೊಳ್ಳುತ್ತಾರೆ ಎಂದು. ಯಾರೂ ಇಲ್ಲವೇ? ಹಾಗಾದರೆ 'ಕಡಿಮೆ'. ಆಮೇಲೆ ಸೈರನ್ನೂ ಬೇಡ, ಕಾವಲುಗಾರನೂ ಬೇಡ.

ಹಗಲಿಡೀ ಕಣಿವೆ ಸುತ್ತಿದೆ. ಸೂರಿಲ್ಲದ ಒಂದು ಮುರುಕು ಮನೆ, ಅಷ್ಟೇ. ಸಂಜೆ ಕಟ್ಟೆಯ ಮೇಲೆ ನಿಂತು 'ಸೊನ್ನೆ' ಎಂದು ಬರೆದೆ.

"ಎಂತ ಸೊನ್ನೆ?" ಕಾವಲುಗಾರ ಹೊನ್ನಪ್ಪ ಇಣುಕಿದ. "ಬೇಸಿಗೇಲಿ ದರಕು ಗುಡಿಸೂಕೆ ಬಂದವ್ರು ಅಲ್ಲೇ ಮನಗ್ತ್ರು. ನನ್ನ ಮಗಳು, ಅವಳ ಎರಡು ಮಕ್ಕಳು..."

"ಒಣ ಎಲೆ ಗುಡಿಸುವವರು ಈಗ ಇದ್ದಾರಾ? ಇಲ್ಲದವರನ್ನು ಹೇಗೆ ಎಣಿಸಲಿ?"

"ಮಾತಲ್ಲಿ ನೀವೇ ಗೆದ್ರಿ, ಆತು. ಕೆಸರಿಗೆ ನಿಮ್ಮ ಮಾತು ತಿಳೀತದಾ ಸರ್?"

ಕತ್ತಲಾಗುತ್ತಿತ್ತು. ಆಗ ಕೆಳಗೆ, ಆ ಮುರುಕು ಮನೆಯಲ್ಲಿ... ದೀಪ.

ಗಾಳಿಯಲ್ಲಿ ಒಣಮೀನು ಸುಟ್ಟ ವಾಸನೆ.

"ಕಂದೀಲು ಇಟ್ಟು ಬಂದಿರಾ?" ಎಂದೆ. ಕೆಲಸ ಉಳಿಸಿಕೊಳ್ಳಲು ನಾಟಕ ಎಂದೇ ಗುಮಾನಿ.

"ಬೆಳಗಿಂದ ನಿಮ್ಮ ಬೆನ್ನಿಗೇ ಇದ್ನಲ್ಲ!"

ಅದು ನಿಜ. ಇಬ್ಬರೂ ಇಳಿದೆವು. ಇರುವುದು ಒಂದೇ ದಾರಿ. ಎದುರು ಯಾರೂ ಸಿಗಲಿಲ್ಲ.

ಮನೆಯಲ್ಲಿ ದೀಪವಿರಲಿಲ್ಲ. ಒಲೆಯ ಕಲ್ಲು ಮುಟ್ಟಿದೆ... ತಣ್ಣಗೆ, ಮೇಲೆ ಪಾಚಿ. ಆ ವಾಸನೆ ಮಾತ್ರ ಮೂಗಿಗೇ ಅಡರುತ್ತಿತ್ತು.

ಹೊನ್ನಪ್ಪ ನನ್ನ ತೋಳು ಹಿಡಿದ. "ತಮಾ... ಮೇಲೆ ನೋಡು."

ಕಟ್ಟೆಯ ಮೇಲೆ, ಈಗಷ್ಟೇ ನಾವು ನಿಂತಿದ್ದ ಜಾಗದಲ್ಲಿ, ಇಬ್ಬರು ನಿಂತಿದ್ದರು.

ಒಬ್ಬನ ಕೈಯಲ್ಲಿ ಟಾರ್ಚ್. ಬೆಳಕು ಬಂದು ನನ್ನ ಎದೆಯ ಮೇಲೆ ನಿಂತಿತು. ಆರಿ, ಹೊತ್ತಿತು. ಹೊನ್ನಪ್ಪನ ಮೇಲೆ... ಆರಿ, ಹೊತ್ತಿತು.

ಎಣಿಸುತ್ತಿದ್ದಾರೆ.

ಬೆಳಕು ನಮ್ಮನ್ನು ದಾಟಿ ಖಾಲಿ ನೆಲದ ಮೇಲೆ ಸರಿಯಿತು. ಅಲ್ಲಿ ಒಂದು ಸಲ. ಪಕ್ಕದಲ್ಲಿ, ತುಸು ಕೆಳಗೆ, ಮತ್ತೆರಡು ಸಲ.

"ನನ್ನ ಮಗಳು ಊರಲ್ಲೇ ಅದೆ," ಹೊನ್ನಪ್ಪ ತನಗೆ ತಾನೇ ಹೇಳಿಕೊಂಡ. "ಈಗ ಊರಲ್ಲೇ ಅದೆ..."

ಮೇಲೆ ಹತ್ತಿದಾಗ ಯಾರೂ ಇರಲಿಲ್ಲ. ಬೇಟೆಗೆ ಬಂದವರು ಎನ್ನಿ, ಒಪ್ಪುತ್ತೇನೆ. ಆದರೆ ಖಾಲಿ ನೆಲದಲ್ಲಿ ಎಣಿಸಿದ ಆ ಮೂವರು?

ಸೊನ್ನೆ ಹೊಡೆದುಹಾಕಿ 'ಐದು' ಎಂದು ಬರೆದುಕೊಟ್ಟೆ. ಮೇಲಧಿಕಾರಿ ನಕ್ಕು ಫಾರಂ ವಾಪಸ್ ಕಳಿಸಿದರು: ಐವರ ಹೆಸರು ಬೇಕಂತೆ, ಇಲ್ಲದಿದ್ದರೆ ಸೊನ್ನೆಯೇ.

ಬೇಸಿಗೆ ಹತ್ತಿರ ಬಂತು. ಹೊನ್ನಪ್ಪ ಹೇಳಿದ ಮೂರು ಹೆಸರು ಬರೆದಿದ್ದೇನೆ. ಉಳಿದ ಎರಡು ಸಾಲು ಖಾಲಿ. ಅಲ್ಲಿ ಯಾರ ಹೆಸರು ಬರಬೇಕೆಂದು ನನಗೆ ಗೊತ್ತು. ಬರೆಯಲು ಕೈ ಏಳುತ್ತಿಲ್ಲ.